ಕಲ್ಲುತೋಟವೂ ಹಿಮಗಿರಿಯ ಸಸ್ಯಗಳೂ
(ಗ್ರಾಮಸ್ಥರ ಸಭೆಯಲ್ಲಿ ಓದಿದ ಉಪನ್ಯಾಸ)



ಗ್ರಂಧಿಗೆ ಅಂಗಡಿಗೆ ಹೋಗಿ ಪಾಷಾಣಭೇದಿ ಬೇಕೆಂದು ಕೇಳಿದರೆ ಅಂಗಡಿಯವನು ಒಣಗಿದ ಬೇರಿನ ತುಂಡುಗಳನ್ನು ಪೊಟ್ಟಣ ಕಟ್ಟಿ ಕೊಡುವನು. ಜಟಾಮಾಂಸಿಯನ್ನು ಕೇಳಿದರೆ ಕಂದುಬಣ್ಣದ ನಾರುನಾರಾದ ಬೇರು ದೊರೆಯುವುದು. ಹೆಂಗಸರು ಅದನ್ನು ತಲೆಗೆ ಹಚ್ಚುವ ಎಣ್ಣೆಯಲ್ಲಿ ಹಾಕಿ ಕಾಯಿಸುವುದುಂಟು. ಕಟುಕರೋಹಿಣಿಯೆಂದರೆ ಅದೂ ಬೇರೇ. ಈ ಬೇರುಗಳನ್ನು ಕಾಣದ ಊರು ಈ ಸೀಮೆಯಲ್ಲಿಲ್ಲ. ಆದರೆ ಇವುಗಳ ಗಿಡವನ್ನು ಕಂಡವರು ನೂರಕ್ಕೊಬ್ಬರೂ ಇರಲಾರರು. ಅದಕ್ಕೆ ಕಾರಣವೇನೆಂದರೆ, ಇವು ಈ ಸೀಮೆಯ ಬೆಳೆಗಳಲ್ಲ. ಹಿಮಾಲಯದ ಬಂಡೆಗಳ ಸಂದಿನಲ್ಲಿಯೂ ಮಂಜು ಬೀಳುವ ಇಳಿಜಾರುಗಳಲ್ಲಿಯೂ ಹುಟ್ಟಿ, ಅಲ್ಲಿಂದ ಅಗೆಯಲ್ಪಟ್ಟು, ಸಾವಿರಾರು ಮೈಲಿ ಪ್ರಯಾಣಮಾಡಿ ಇಲ್ಲಿಗೆ ಬಂದವು.

ಇಂತಹ ಉನ್ನತಗಿರಿಯ ಗಿಡಗಳನ್ನು ಬಯಲುಸೀಮೆಗೆ ತಂದು ಬದುಕಿಸಬೇಕೆಂದು ಪ್ರಯತ್ನಪಟ್ಟವರು ಯೂರೋಪು ಖಂಡದ ತೋಟಗಾರರು. ಅವರು ಇನ್ನೂರೈವತ್ತು ವರ್ಷಗಳಿಂದ ಈ ಕೆಲಸದಲ್ಲಿ ತೊಡಗಿ, ಎಷ್ಟೋ ಸಾರಿ ಸೋತು, ಕೊನೆಗೆ ಒಂದು ವಿದ್ಯೆಯನ್ನು ಕಲಿತರು. ಆ ವಿದ್ಯೆಗೆ ಕಲ್ಲುತೋಟವೆಂದು ಹೆಸರು. ಕಲ್ಲು ತುಂಬಿದ ಹೊಲವನ್ನು ಕಂಡು ನಿಟ್ಟುಸಿರುಬಿಡುವ ಬೇಸಾಯಗಾರನಿಗೆ, ಹಣಕೊಟ್ಟು ಕಲ್ಲನ್ನು ತರಿಸಿ ತೋಟದಲ್ಲಿ ಹೂಳುವ ಜನರೂ ಉಂಟೆಂಬುದು ವಿನೋದವಾಗಿ ಕಾಣಬಹುದು. ಆದರೆ ಅವರು ಕಲ್ಲಿನಿಂದ ಪಡೆಯುವ ಪ್ರಯೋಜನವೇನೆಂಬುದನ್ನು ತಿಳಿದರೆ ವಿನೋದವು ವಿಚಾರಕ್ಕೆ ದಾರಿಯಾಗುವುದು.

1. ಹಿಮಗಿರಿಯ ಗಿಡವೆಂದರೆ ಯಾವುದು

ಬೆಟ್ಟವನ್ನು ಹತ್ತುತ್ತ ಹೋದಂತೆ ಸಾವಿರ ಅಡಿಗೆ ಸುಮಾರು ಎರಡು ಸೆಂಟಿಗ್ರೇಡ್ ಡಿಗ್ರಿಯಂತೆ ಶಾಖವು ಕಡಮೆಯಾಗುವುದು. ಒಂದು ಎತ್ತರವನ್ನು ಮುಟ್ಟಿದ ಮೇಲೆ ಮರಗಳು ಬೆಳೆಯಲಾರವು. ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಈ ಗೆರೆಯು ಸುಮಾರು ಆರೇಳು ಸಾವಿರ ಅಡಿಗಳಲ್ಲಿಯೂ, ಹಿಮಾಲಯದಲ್ಲಿ ಸಾಧಾರಣವಾಗಿ ಹನ್ನೊಂದು ಹನ್ನೆರಡು ಸಾವಿರ ಅಡಿಗಳಲ್ಲಿಯೂ ಇರುವುದು. ಆ ಗೆರೆಯಿಂದ ಮೇಲಕ್ಕೆ, ಸದಾಕಾಲವೂ ಹಿಮವಿರುವ ಎಡೆಯವರೆಗೆ ಬೆಳೆಯುವ ಕುಳ್ಳು ಗಿಡಗಳಿಗೆ ಆಲ್ಪ್ಸ್ ಪರ್ವತದ ಹೆಸರಿನಿಂದಲೇ ಆಲ್ಪೈನ್ ಸಸ್ಯಗಳೆಂದು ಹೆಸರಾಯಿತು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವು ಸುಮಾರು 6,300 ಅಡಿ. ಅಲ್ಲಿ ಹಿಮವು ಬೀಳುವುದಿಲ್ಲ. ಆದಕಾರಣ ಈ ಜಾತಿಯ ನಿಜವಾದ ಗಿಡಗಳು ಈ ಸೀಮೆಯಲ್ಲಿ ತಾವಾಗಿ ಹುಟ್ಟುವುದಿಲ್ಲ.

ಈ ಗಿಡಗಳ ವರ್ಷವು ಬಹಳ ಚಿಕ್ಕದು. ಹಿಮವು ಕರಗಿ ಮತ್ತೆ ಬೀಳುವುದರೊಳಗೆ ಅವುಗಳಿಗೆ ದೊರೆಯುವ ಅವಕಾಶವು ಎರಡು ಮೂರು ತಿಂಗಳು ಮಾತ್ರ. ಅಷ್ಟರಲ್ಲಿ ಚಿಗುರಿ, ಹೂಬಿಟ್ಟು, ಬೀಜಕಟ್ಟಿ ಮುಗಿಸಬೇಕು. ಆದುದರಿಂದ ಅನೇಕ ಗಿಡಗಳು ಹಿಂದಿನ ವರ್ಷವೇ ಮೊಗ್ಗನ್ನು ಸಿದ್ಧಮಾಡಿಟ್ಟುಕೊಂಡು, ಹಿಮ ಕರಗಿದ ಕೂಡಲೆ ಅರಳುವುವು. ಗಾಳಿಯ ಹೊಡೆತಕ್ಕೆ ಎತ್ತರವಾಗಿ ಬೆಳೆಯಲಾರದೆ, ಕೆಲವು ನೆಲಕ್ಕೆ ಒತ್ತಿದ ದಿಂಬಿನಂತೆ ಗುಂಪಾಗಿ ಹಬ್ಬುವುವು. ಬಿಸಿಲಿರುವಾಗ ಆ ದಿಂಬಿನ ಒಳಗಿನ ಶಾಖವು ಹೊರಗಿನ ಗಾಳಿಯ ಶಾಖಕ್ಕಿಂತ ಎಷ್ಟೋ ಡಿಗ್ರಿ ಹೆಚ್ಚಾಗಿರುವುದು. ಎಡೆಲ್ವೈಸ್ ಎಂಬ ಗಿಡವು ಮೈಯೆಲ್ಲ ಬಿಳಿಯ ಉಣ್ಣೆಯಂತಹ ರೋಮವನ್ನು ಹೊದ್ದು ತೀಕ್ಷ್ಣವಾದ ಬಿಸಿಲನ್ನೂ ಒಣಗಾಳಿಯನ್ನೂ ತಡೆದುಕೊಳ್ಳುವುದು. ಸ್ಯಾಕ್ಸಿಫ್ರಾಗ ಎಂಬ ವಂಶದ ಕೆಲವು ಗಿಡಗಳು ಎಲೆಯಂಚಿನಲ್ಲಿ ಸುಣ್ಣವನ್ನು ಒಸರಿಸುವುವು. ಆ ಲ್ಯಾಟಿನ್ ಹೆಸರಿಗೆ ಕಲ್ಲನ್ನೊಡೆಯುವುದು ಎಂದರ್ಥ. ಪಾಷಾಣಭೇದಿಯೂ ಅದೇ ಕುಟುಂಬಕ್ಕೆ ಸೇರಿದ್ದು. ಹೆಸರಿನ ಅರ್ಥವೂ ಅದೇ. ಎರಡು ದೂರದೇಶಗಳ ಜನರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಕುಟುಂಬದ ಗಿಡಗಳಿಗೆ ಒಂದೇ ಅರ್ಥದ ಹೆಸರನ್ನಿಟ್ಟದ್ದು ಗಮನಿಸತಕ್ಕ ಸಂಗತಿಯಾಗಿದೆ.

ಮೇಲೆ ಕಾಣುವ ಗಿಡವು ನಾಲ್ಕು ಅಂಗುಲವಿದ್ದರೂ, ಜರುಗುವ ಕಲ್ಲಿನ ಇಳಿಜಾರಿನಲ್ಲಿ ಬೆಳೆಯುವವುಗಳ ಬೇರು ಅದರ ಎಷ್ಟೋ ಪಾಲು ಉದ್ದವಾಗಿ ಕಲ್ಲುಗಳ ಸಂದಿನೊಳಗೆ ಇಳಿದಿರುವುದು. ಆಹಾರದ ಸಂಗ್ರಹವೂ ಬೇರಿನಲ್ಲಿ, ಚಳಿಗಾಲದ ವಿಶ್ರಾಂತಿಯೂ ಬೇರಿನಲ್ಲಿ. ಹಿಮಗಿರಿಯ ಗಿಡದ ಪ್ರಾಣವೆಲ್ಲ ಬೇರಿನಲ್ಲಿಯೇ ಇದೆಯೆಂದರೆ ತಪ್ಪಲ್ಲ. ಮುಂದೆ ಹೇಳುವುದೆಲ್ಲವೂ ಈ ಒಂದು ಮಾತನ್ನು ಅವಲಂಬಿಸಿದೆ.

2. ಬಯಲಿಗೆ ತಂದರೆ ಸಾಯುವುದೇಕೆ

ಬೆಟ್ಟ ದೂರಕ್ಕೆ ನುಣ್ಣಗೆ ಎಂಬ ಗಾದೆಯುಂಟು. ಬೆಟ್ಟದ ಗಿಡದ ವಿಷಯದಲ್ಲಿಯೂ ದೂರದಿಂದ ಊಹಿಸಿದವರು ಮೋಸಹೋದರು. ಚಳಿಯಲ್ಲಿ ಬೆಳೆದ ಗಿಡವು ಚಳಿಯಿಲ್ಲದೆ ಸಾಯುವುದೆಂದು ಮೊದಲು ಎಲ್ಲರೂ ಭಾವಿಸಿದ್ದರು. ಇಂಗ್ಲೆಂಡಿನಲ್ಲಿ ಚಳಿಗೇನೂ ಕೊರತೆಯಿಲ್ಲ; ಆದರೂ ಅಲ್ಲಿ ಈ ಗಿಡಗಳು ಬೇಸಗೆಯಲ್ಲಿ ಚೆನ್ನಾಗಿದ್ದು ಚಳಿಗಾಲದಲ್ಲಿ ಕೊಳೆಯುತ್ತಿದ್ದುವು. ವಿಚಾರಮಾಡಿ ನೋಡಿದಲ್ಲಿ ಕಾರಣವು ಬೇರೆಯೆಂದು ತಿಳಿದುಬಂದಿತು.

ಪರ್ವತದ ಮೇಲೆ ಚಳಿಗಾಲದಲ್ಲಿ ಬೀಳುವುದು ಹಿಮ, ಮಳೆಯಲ್ಲ. ಹಿಮವು ಗಿಡದ ಮೇಲೆ ದಪ್ಪ ಕಂಬಳಿಯಂತೆ ಮುಚ್ಚಿಕೊಳ್ಳುವುದು. ಹೊರಗಿನ ಗಾಳಿಯು ಎಷ್ಟು ಕಡುಚಳಿಯದಾದರೂ ದಪ್ಪ ಹಿಮದ ಅಡಿಯಲ್ಲಿ ನೆಲದ ಶಾಖವು ನೀರು ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನಲ್ಲಿಯೇ ಉಳಿಯುವುದು. ಆ ಕಂಬಳಿಯ ಕೆಳಗೆ ಗಿಡವು ಒದ್ದೆಯಾಗದೆ ತಿಂಗಳುಗಟ್ಟಲೆ ನಿದ್ರಿಸುವುದು. ಬಯಲಿನಲ್ಲಿ ಹಾಗಲ್ಲ. ಅಲ್ಲಿ ಒಂದು ದಿನ ಮಳೆ, ಒಂದು ದಿನ ಎಳೆಬಿಸಿಲು, ಮರುದಿನ ಇಬ್ಬನಿ. ನಿದ್ರೆ ಕೆಟ್ಟ ಗಿಡವು ಅಕಾಲದಲ್ಲಿ ಚಿಗುರುವುದು. ಅಷ್ಟರಲ್ಲಿ ಗಿಡದ ಕೊರಳಿನಲ್ಲಿ, ಎಂದರೆ ಬೇರೂ ಕಾಂಡವೂ ಕೂಡುವ ಎಡೆಯಲ್ಲಿ, ನೀರು ನಿಂತು ಬೂಷ್ಟು ಹಿಡಿದು ಕೊಳೆಯುವುದು. ಹೀಗೆ ಗಿಡವನ್ನು ಕೊಂದದ್ದು ಚಳಿಯ ಕೊರತೆಗಿಂತ ಹೆಚ್ಚಾಗಿ, ನಿಂತ ನೀರು.

ಇದರ ಜೊತೆಗೆ ಇನ್ನೆರಡು ಕಾರಣಗಳುಂಟು. ಬೇಸಗೆಯಲ್ಲಿ ಬಯಲಿನ ಮಣ್ಣು ಕಾದು ಬೇರು ಬೇಯುವುದು. ರಾತ್ರಿಯೂ ತಂಪಾಗದಿದ್ದರೆ ಗಿಡವು ಹಗಲು ಗಳಿಸಿದ್ದನ್ನು ರಾತ್ರಿ ವ್ಯಯಮಾಡಿ ಕೃಶವಾಗುವುದು. ಇದಲ್ಲದೆ, ಬಡನೆಲದಲ್ಲಿ ಒಂಟಿಯಾಗಿ ಬಾಳಿದ ಈ ಗಿಡಗಳು ಫಲವತ್ತಾದ ನೆಲದಲ್ಲಿ ಸೊಕ್ಕಿ ಬೆಳೆಯುವ ಹುಲ್ಲು ಕಳೆಗಳೊಡನೆ ಹೋರಾಡಲಾರವು.

ಹೀಗಿರಲು ತೋಟಗಾರನ ಮುಂದಿರುವ ಪ್ರಶ್ನೆಯು ಕಷ್ಟವಾದದ್ದು. ಗಿಡದ ಕೊರಳು ಸದಾ ಒಣಗಿರಬೇಕು. ಬೇರು ಸದಾ ತಂಪಾಗಿಯೂ ತೇವವಾಗಿಯೂ ಇರಬೇಕು. ಒಂದೇ ಗಿಡಕ್ಕೆ ಒಂದೇ ಸ್ಥಳದಲ್ಲಿ ಈ ಎರಡನ್ನೂ ಒದಗಿಸುವ ವಸ್ತು ಯಾವುದು? ಕಲ್ಲೊಂದೇ.

ಇದರ ನಿಜವನ್ನು ತಿಳಿಯಲು ಪರದೇಶಕ್ಕೆ ಹೋಗಬೇಕಾದ್ದಿಲ್ಲ. ಬೇಸಗೆಯ ನಡುಹಗಲಿನಲ್ಲಿ ಹೊಲದ ದೊಡ್ಡ ಕಲ್ಲೊಂದನ್ನು ಮಗುಚಿ ನೋಡಿದರೆ ಅದರ ಅಡಿಯ ಮಣ್ಣು ಕಪ್ಪಾಗಿ ತಣ್ಣಗಿರುವುದು. ಚೇಳು ಆ ತಂಪನ್ನು ಹುಡುಕಿಕೊಂಡೇ ಅಲ್ಲಿ ಸೇರಿರುವುದು. ಗುಡಿಯ ಗೋಪುರದ ಬಿರುಕಿನಲ್ಲಿ ಅರಳಿಯ ಸಸಿಯೊಂದು ಯಾರೂ ನೀರೆರೆಯದೆ ಬೆಳೆಯುವುದನ್ನು ಕಾಣದವರಿಲ್ಲ. ಅದರ ಕೊರಳಿನಲ್ಲಿ ನೀರು ಒಂದು ನಿಮಿಷವೂ ನಿಲ್ಲದು. ಬೇರು ಮಾತ್ರ ಗಾರೆಯ ಸಂದಿನೊಳಗೆ ಆಳಕ್ಕಿಳಿದು ತೇವವನ್ನು ಹಿಡಿದಿರುವುದು. ಕಲ್ಲುತೋಟದ ಮರ್ಮವೆಲ್ಲ ಆ ಅರಳಿಯ ಸಸಿಯಲ್ಲಿ ಅಡಗಿದೆ.

3. ಕಲ್ಲುತೋಟದ ಪೂರ್ವವೃತ್ತಾಂತ

ಲಂಡನ್ ನಗರದ ಚೆಲ್ಸಿಯಲ್ಲಿರುವ ಔಷಧಿವನದಲ್ಲಿ 1773ರಲ್ಲಿ ಒಂದು ಕಲ್ಲುತೋಟವನ್ನು ಕಟ್ಟಿದರು. ಲಂಡನ್ನಿನ ಹಳೆಯ ಕೋಟೆಯಾದ ಟವರಿನಿಂದ ಬಂದ ಕಲ್ಲುಗಳನ್ನೂ, ಸರ್ ಜೋಸೆಫ್ ಬ್ಯಾಂಕ್ಸ್ ಎಂಬ ಸಸ್ಯಶಾಸ್ತ್ರಜ್ಞರು 1772ರಲ್ಲಿ ಐಸ್‌ಲೆಂಡ್ ದ್ವೀಪದಿಂದ ಹಡಗಿನ ತಳದಲ್ಲಿ ಭಾರಕ್ಕಾಗಿ ತುಂಬಿ ತಂದ ಜ್ವಾಲಾಮುಖಿಯ ಕಲ್ಲುಗಳನ್ನೂ ಅದಕ್ಕೆ ಉಪಯೋಗಿಸಿದರು. ಯೂರೋಪಿನಲ್ಲಿ ಉಳಿದಿರುವ ಕಲ್ಲುತೋಟಗಳಲ್ಲಿ ಅದು ಅತ್ಯಂತ ಹಳೆಯವುಗಳಲ್ಲೊಂದು. 1882ರಲ್ಲಿ ಕ್ಯೂ ಎಂಬ ಪ್ರಸಿದ್ಧ ಸಸ್ಯೋದ್ಯಾನದಲ್ಲಿ ಪಿರನೀಸ್ ಪರ್ವತದ ಕಣಿವೆಯ ಮಾದರಿಯಲ್ಲಿ ದೊಡ್ಡ ಕಲ್ಲುತೋಟವನ್ನು ರಚಿಸಿದರು. ಮೊದಲು ಅದಕ್ಕೆ ಹಾಕಿದ್ದು ಸುಣ್ಣಕಲ್ಲು. ಅನಂತರ ತೇವವನ್ನು ಚೆನ್ನಾಗಿ ಹಿಡಿಯುವ ಮರಳುಗಲ್ಲನ್ನು ಸಸೆಕ್ಸ್ ಸೀಮೆಯಿಂದ ತಂದು ಹಾಕಿದರು.

ಇವರೆಲ್ಲರೂ ಮೊದಲಿನಿಂದಲೇ ಸರಿಯಾಗಿ ಮಾಡಿದರೆಂದು ತಿಳಿಯಕೂಡದು. ಎಡಿನ್‌ಬರೋ ನಗರದ ಸಸ್ಯೋದ್ಯಾನದಲ್ಲಿ 1870ರ ಸುಮಾರಿನಲ್ಲಿ ಕಲ್ಲುಗಳಿಂದ ಸಾವಿರಾರು ಚಿಕ್ಕ ಗೂಡುಗಳನ್ನು ಮಾಡಿ, ಗೂಡಿಗೊಂದರಂತೆ ಗಿಡವನ್ನು ನೆಟ್ಟರು. ನೋಡುವುದಕ್ಕೆ ಅದು ದಿನಸಿ ಅಂಗಡಿಯ ಗೂಡುಗಳಂತೆ ಕ್ರಮವಾಗಿದ್ದರೂ ಬೆಟ್ಟದ ರೀತಿ ಅದರಲ್ಲಿರಲಿಲ್ಲ. ರೆಜಿನಾಲ್ಡ್ ಫ್ಯಾರರ್ ಎಂಬ ತೋಟಗಾರರು ಇದನ್ನು ಕಠಿಣವಾಗಿ ಟೀಕಿಸಿದರು. 1908ರಿಂದ 1914ರವರೆಗೆ ಆ ಉದ್ಯಾನದವರು ಹಳೆಯದನ್ನು ಕಿತ್ತು ಹೊಸದಾಗಿ ಕಟ್ಟಿದರು. ಸರಿಯಲ್ಲವೆಂದು ತಿಳಿದಮೇಲೆ ಹಳೆಯದನ್ನು ಬಿಡುವುದು ಅವಮಾನವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಫ್ಯಾರರ್ ಅವರು ಯಾರ್ಕ್‌ಷೈರ್ ಸೀಮೆಯ ಕ್ಲ್ಯಾಪಮ್ ಎಂಬ ಹಳ್ಳಿಯವರು. ಸುಣ್ಣಕಲ್ಲಿನ ಬೆಟ್ಟದ ಬುಡದಲ್ಲಿ ಬೆಳೆದವರು. 1907ರಲ್ಲಿ ತಮ್ಮ ಕಲ್ಲುತೋಟವನ್ನು ಕುರಿತೂ, 1919ರಲ್ಲಿ ಎರಡು ಸಂಪುಟಗಳಲ್ಲಿ ಇಂಗ್ಲೆಂಡಿನ ಕಲ್ಲುತೋಟಗಳನ್ನು ಕುರಿತೂ ಗ್ರಂಥಗಳನ್ನು ಪ್ರಕಟಿಸಿದರು. ಮಣ್ಣಿನ ಗುಡ್ಡೆಯ ಮೇಲೆ ಚೂಪುಗಲ್ಲುಗಳನ್ನು ನಿಲ್ಲಿಸಿ ಕಲ್ಲುತೋಟವೆಂದು ಕರೆಯುವವರನ್ನು, ಸಿಹಿತಿಂಡಿಗೆ ಬಾದಾಮಿ ಚುಚ್ಚುವವರಿಗೆ ಹೋಲಿಸಿ ಅವರು ಹಾಸ್ಯಮಾಡಿದರು. ತಮ್ಮೂರ ಕಡಿದಾದ ಬಂಡೆಯಲ್ಲಿ ಕೈಗೆಟುಕದ ಬಿರುಕುಗಳಿಗೆ ಬೀಜವನ್ನು ಬಂದೂಕಿನಲ್ಲಿ ತುಂಬಿ ಹಾರಿಸಿ ಬಿತ್ತಿದರೆಂದೂ ಹೇಳುವುದುಂಟು. ಹೊಸ ಗಿಡಗಳನ್ನು ಹುಡುಕುತ್ತ 1920ರಲ್ಲಿ ಉತ್ತರ ಬರ್ಮಾದ ಬೆಟ್ಟಗಳಲ್ಲಿ ನಲವತ್ತನೆಯ ವಯಸ್ಸಿನಲ್ಲಿಯೇ ತೀರಿಕೊಂಡರು.

ಚಂಡೀಗಡದಲ್ಲಿ ನೇಕ್ ಚಂದ್ ಎಂಬವರು ಒಡೆದ ಬಳೆ, ಪಿಂಗಾಣಿ ಚೂರು ಮೊದಲಾದವುಗಳಿಂದ ರಚಿಸಿ, 1976ರಲ್ಲಿ ಜನರ ದರ್ಶನಕ್ಕೆ ತೆರೆಯಲ್ಪಟ್ಟ ರಾಕ್ ಗಾರ್ಡನ್ ಎಂಬುದು ಹೆಸರಿನಲ್ಲಿ ಮಾತ್ರ ಇದಕ್ಕೆ ಸಮಾನ. ಅದು ಶಿಲ್ಪದ ತೋಟ. ಇದು ಬೇರಿನ ತೋಟ.

4. ಕಟ್ಟುವ ಕ್ರಮ

ಸ್ಥಳ: ಬಯಲಾಗಿಯೂ ಇಳಿಜಾರಾಗಿಯೂ ಇರುವ ಸ್ಥಳವು ಉತ್ತಮ. ಮರದ ಕೆಳಗೆ ಎಂದಿಗೂ ಮಾಡಕೂಡದು. ಎಲೆಗಳಿಂದ ತೊಟ್ಟಿಕ್ಕುವ ನೀರು ಗಿಡದ ಕೊರಳಿನ ಮೇಲೆಯೇ ಬೀಳುವುದು. ಮರದ ಬೇರು ಕೆಳಗಿನ ತೇವವನ್ನು ಕದಿಯುವುದು.

ಕಳೆ: ಕಲ್ಲನ್ನು ಹೂಳುವುದಕ್ಕೆ ಮೊದಲೇ ಗರಿಕೆಯಂತಹ ಬೇರುಕಳೆಗಳನ್ನು ತುಂಡೂ ಉಳಿಯದಂತೆ ಆರಿಸಿ ತೆಗೆಯತಕ್ಕದ್ದು. ಕಲ್ಲಿನ ಅಡಿಗೆ ಸೇರಿದ ಕಳೆಯನ್ನು ಕೀಳಬೇಕಾದರೆ ತೋಟವನ್ನೇ ಕೀಳಬೇಕಾಗುವುದು.

ನೀರಿನ ಬಸಿ: ಎರೆಯಂತಹ ಜಿಗುಟುಮಣ್ಣಾದರೆ ಆರರಿಂದ ಒಂಬತ್ತು ಅಂಗುಲ ದಪ್ಪ ಇಟ್ಟಿಗೆಚೂರು ಅಥವಾ ಕಲ್ಲುಚೂರನ್ನು ಹರಡಿ ಅದರ ಮೇಲೆ ಮಣ್ಣನ್ನು ಹಾಕಬೇಕು. ಮಣ್ಣಿನ ಮಿಶ್ರಣಕ್ಕೆ ಸಾಧಾರಣ ಕ್ರಮವೆಂದರೆ, ಒಳ್ಳೆಯ ಹೊಲದ ಮಣ್ಣು ಒಂದು ಪಾಲು, ಕಳಿತ ಎಲೆಗೊಬ್ಬರ ಒಂದು ಪಾಲು, ದಪ್ಪ ಮರಳು ಅಥವಾ ನೊರಜುಗಲ್ಲು ಒಂದು ಪಾಲು. ಹಟ್ಟಿಗೊಬ್ಬರವನ್ನು ಧಾರಾಳವಾಗಿ ಹಾಕಿದರೆ ಈ ಗಿಡಗಳು ಮೈಬಿಟ್ಟು ಬೆಳೆದು ಮೆತ್ತಗಾಗಿ ಕೊಳೆಯುವುವು.

ಕಲ್ಲು: ಚಿಕ್ಕ ಕಲ್ಲು ನೂರಕ್ಕಿಂತ ದೊಡ್ಡ ಕಲ್ಲು ಹತ್ತು ಮೇಲು. ಪ್ರತಿಯೊಂದು ಕಲ್ಲಿನ ಮೂರರಲ್ಲೊಂದು ಪಾಲಾದರೂ, ಸಾಧ್ಯವಾದರೆ ಅರ್ಧವೂ, ನೆಲದೊಳಗಿರಬೇಕು. ಮೇಲ್ಮುಖವು ಹಿಂದಕ್ಕೆ ಸ್ವಲ್ಪ ವಾಲಿರಬೇಕು. ಆಗ ಬಿದ್ದ ಮಳೆಯು ಮುಂದಕ್ಕೆ ಹಾರಿ ಹೋಗದೆ ಹಿಂದಕ್ಕೆ ಹರಿದು ಕಲ್ಲಿನ ಬೆನ್ನಿನಿಂದ ಕೆಳಗಿಳಿದು ಬೇರನ್ನು ಸೇರುವುದು. ಮುಂದಕ್ಕೆ ವಾಲಿದ ಕಲ್ಲು ಕೊಡೆಯಂತೆ ನೀರನ್ನು ಹೊರಕ್ಕೆ ಚೆಲ್ಲಿ ಬೇರನ್ನು ಒಣಗಿಸುವುದು. ಇಷ್ಟು ಚಿಕ್ಕ ವ್ಯತ್ಯಾಸದಲ್ಲಿ ತೋಟದ ಉಳಿವೂ ಅಳಿವೂ ನಿಂತಿದೆ. ಕಲ್ಲಿನ ಪದರಗಳ ಗೆರೆಗಳೆಲ್ಲವೂ ಒಂದೇ ದಿಕ್ಕಿಗಿದ್ದರೆ ಅದು ಹುಟ್ಟುಬಂಡೆಯಂತೆ ಕಾಣುವುದು. ಕಲ್ಲಿನ ಹಿಂದೆಯೂ ಕೆಳಗೂ ಟೊಳ್ಳು ಉಳಿಯದಂತೆ ಮಣ್ಣನ್ನು ಗೂಟದಿಂದ ಗಿಡಿದು ತುಂಬಬೇಕು. ಟೊಳ್ಳನ್ನು ಮುಟ್ಟಿದ ಬೇರು ಒಣಗುವುದು. ಕಟ್ಟಿದಮೇಲೆ ಕೆಲವು ವಾರ ಬಿಟ್ಟು, ಮಣ್ಣು ಕುಸಿದು ನೆಲೆಗೊಂಡ ಬಳಿಕ ನಾಟಿಮಾಡತಕ್ಕದ್ದು.

ಹೊದಿಕೆ: ನಾಟಿಯಾದ ಮೇಲೆ ಗಿಡದ ಕೊರಳಿನ ಸುತ್ತಲೂ ಎಲೆಗಳ ಕೆಳಗೂ ಸುಮಾರು ಒಂದು ಅಂಗುಲ ನೊರಜುಗಲ್ಲನ್ನು ಹರಡುವರು. ಇದರಿಂದ ಪ್ರಯೋಜನ ನಾಲ್ಕು: ಕೊರಳು ಒಣಗಿರುವುದು, ಮಳೆಯ ಹೊಡೆತಕ್ಕೆ ಮಣ್ಣು ಸಿಡಿಯದು, ಕಳೆ ಕಡಮೆಯಾಗುವುದು, ಕೆಳಗಿನ ತೇವವು ಬೇಗನೆ ಆರಿಹೋಗದು.

ಬೀಜ: ಈ ಗಿಡಗಳಲ್ಲಿ ಅನೇಕದ ಬೀಜವು ಚಳಿಯನ್ನು ಅನುಭವಿಸಿದಲ್ಲದೆ ಮೊಳೆಯದು. ಆದುದರಿಂದ ಚಳಿಗಾಲದ ಮೊದಲಲ್ಲಿ ಕುಂಡದಲ್ಲಿ ಬಿತ್ತಿ ಹೊರಗೆ ಇಬ್ಬನಿ ಹಿಮಗಳಿಗೆ ಒಡ್ಡಿಡುವರು. ಅವಸರಪಟ್ಟು ಬೆಚ್ಚಗಿಟ್ಟವನಿಗೆ ಮೊಳಕೆ ಕಾಣದು.

ಉಣ್ಣೆಯ ಎಲೆಯ ಗಿಡಗಳಿಗೆ ಚಳಿಗಾಲದ ಮಳೆ ತಗಲದಂತೆ ಮೇಲೊಂದು ಗಾಜಿನ ಹಲಗೆಯನ್ನು ಹಿಡಿಸುವರು. ಪಕ್ಕಗಳನ್ನು ಗಾಳಿಗಾಗಿ ತೆರೆದಿಡುವರು. ಬಹು ಸೂಕ್ಷ್ಮವಾದವುಗಳಿಗೆ ಗಾಜಿನ ಮನೆಯನ್ನೇ ಕಟ್ಟುವರು. ಇದು ಬೆಚ್ಚಗಿಡುವ ಮನೆಯಲ್ಲ, ಒಣಗಿಡುವ ಮನೆ. ಕ್ಯೂ ಉದ್ಯಾನದಲ್ಲಿ 2006ರಲ್ಲಿ ತೆರೆದ ಡೇವಿಸ್ ಆಲ್ಪೈನ್ ಮನೆಯಲ್ಲಿ ನೆಲದಡಿಯ ಸುರಂಗಗಳಲ್ಲಿ ಗಾಳಿಯನ್ನು ಹಾಯಿಸಿ, ತಂಪಾದಮೇಲೆ ಗಿಡಗಳ ಮೇಲೆ ಬಿಡುವರು. ಬಿಸಿಯಾದ ಗಾಳಿಯು ಎತ್ತರದ ಮಾಡಿನ ಕಿಂಡಿಗಳಿಂದ ಹೊರಟುಹೋಗುವುದು. ಗೆದ್ದಲಿನ ಹುತ್ತದಲ್ಲಿ ಗಾಳಿಯಾಡುವ ಕ್ರಮವೇ ಇದಕ್ಕೆ ಮಾದರಿ. ಹೊಲದ ಅಂಚಿನ ಹುತ್ತಕ್ಕೆ ಹಾಲೆರೆಯುವ ಜನರಿಗೆ ಈ ಸಂಗತಿಯು ಸಂತೋಷವನ್ನುಂಟುಮಾಡತಕ್ಕದ್ದಾಗಿದೆ.

5. ಅಗೆಯುವವನೂ ಬೆಳೆಸುವವನೂ

ಕಲ್ಲುತೋಟದ ಹವ್ಯಾಸವು ಹೆಚ್ಚಿದಂತೆ ಒಂದು ಕೇಡೂ ಹೆಚ್ಚಿತು. ಆಲ್ಪ್ಸ್ ಪರ್ವತಗಳಲ್ಲಿ ಪ್ರವಾಸಿಗಳೂ ವ್ಯಾಪಾರಿಗಳೂ ಎಡೆಲ್ವೈಸ್ ಮೊದಲಾದ ಗಿಡಗಳನ್ನು ಬೇರುಸಹಿತ ಕಿತ್ತು ಬುಟ್ಟಿಗಟ್ಟಲೆ ಸಾಗಿಸತೊಡಗಿದರು. ಅವುಗಳಲ್ಲಿ ಬಹುಪಾಲು ದಾರಿಯಲ್ಲಿಯೇ ಸತ್ತುವು. ಹತ್ತಾರು ವರ್ಷ ಬೆಳೆದ ದಿಂಬುಗಿಡವು ಗುದ್ದಲಿಯ ಒಂದೇಟಿಗೆ ಹೋಗುವುದು.

ಜಿನೀವಾ ನಗರದ ಹೆನ್ರಿ ಕೊರೆವೊನ್ ಎಂಬ ತೋಟಗಾರರು ಇದನ್ನು ಕಂಡು ಮರುಗಿ, 1883ರಲ್ಲಿ ಸಸ್ಯಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಕೀಳಬೇಡಿರೆಂದು ಹೇಳಿ ಸುಮ್ಮನಾಗಲಿಲ್ಲ. ಮರುವರ್ಷವೇ ಒಂದು ತೋಟವನ್ನು ತೆರೆದು ಬೀಜದಿಂದ ಸಸಿಗಳನ್ನೆಬ್ಬಿಸಿ ಮಾರತೊಡಗಿದರು. ತೋಟದಲ್ಲಿ ಹುಟ್ಟಿದ ಸಸಿಯು ಬಯಲಿಗೆ ಹೊಂದಿಕೊಳ್ಳುವಷ್ಟು ಸುಲಭವಾಗಿ ಬೆಟ್ಟದಿಂದ ಕಿತ್ತ ಮುದಿಗಿಡವು ಹೊಂದಿಕೊಳ್ಳದು. ಹೀಗೆ ಕೊಳ್ಳುವವನಿಗೂ ಲಾಭ, ಬೆಟ್ಟಕ್ಕೂ ಉಳಿವು.

ಈಗ ಗ್ರಂಧಿಗೆ ಅಂಗಡಿಯ ಬೇರುಗಳಿಗೆ ಹಿಂದಿರುಗಬೇಕು. ಜಟಾಮಾಂಸಿಯು ಹಿಮಾಲಯದಲ್ಲಿ ಸುಮಾರು ಹತ್ತು ಸಾವಿರ ಅಡಿಗಳಿಂದ ಮೇಲೆ ಬೆಳೆಯುವ ಗಿಡ. ಕಟುಕರೋಹಿಣಿಯೂ ಅದರ ನೆರೆಯದೇ. ಎರಡರಲ್ಲಿಯೂ ಬೆಲೆಯುಳ್ಳದ್ದು ನೆಲದೊಳಗಿನ ಭಾಗ. ಆದುದರಿಂದ ಕೊಯ್ಲು ಎಂದರೆ ಗಿಡವನ್ನು ಕೊಲ್ಲುವುದೇ. ರಾಗಿಯ ತೆನೆಯನ್ನು ಕೊಯ್ದವನಿಗೆ ಬೀಜವು ಉಳಿಯುವುದು. ಬೀಜ ಉದುರುವ ಮೊದಲೇ ಬೇರನ್ನು ಅಗೆದವನಿಗೆ ಮುಂದಿನ ವರ್ಷಕ್ಕೆ ಏನೂ ಉಳಿಯದು. ಈ ಎರಡು ಗಿಡಗಳೂ ಕ್ಷೀಣಿಸುತ್ತ ಬಂದುದರಿಂದ 1997ರಲ್ಲಿ ಅವುಗಳ ದೇಶಾಂತರ ವ್ಯಾಪಾರವನ್ನು ಅಂತರರಾಷ್ಟ್ರೀಯ ಒಪ್ಪಂದದ ಹತೋಟಿಗೆ ತರಲಾಯಿತು. ಜಟಾಮಾಂಸಿಯು ಅಳಿವಿನ ಅಂಚಿಗೆ ಬಂದಿರುವ ಸಸ್ಯಗಳ ಪಟ್ಟಿಯಲ್ಲಿ ಸೇರಿದೆ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಕೋಷ್ಠವೆಂಬ ಸುಗಂಧದ ಬೇರಿಗೂ ಇದೇ ಗತಿ ಬಂದು, ಕಾಡುಗಿಡದ ಬೇರಿನ ಅಂತರರಾಷ್ಟ್ರೀಯ ವ್ಯಾಪಾರವನ್ನು 1985ರಲ್ಲಿ ನಿಷೇಧಿಸಬೇಕಾಯಿತು. ಆದರೆ ಹಿಮಾಚಲ ಪ್ರದೇಶದ ಲಾಹೌಲ್ ಸೀಮೆಯ ರೈತರು ಅದನ್ನು ತಮ್ಮ ಹೊಲಗಳಲ್ಲಿ ಬಿತ್ತಿ ಬೆಳೆದವರು. ಬೆಟ್ಟದ ಸೊತ್ತನ್ನು ಹೊಲದ ಬೆಳೆಯನ್ನಾಗಿ ಮಾಡಿದ ಆ ಜನರ ಕೆಲಸವೂ ಜಿನೀವಾದ ತೋಟಗಾರರ ಕೆಲಸವೂ ಒಂದೇ ಜಾತಿಯದು. ಹಿಮಾಲಯದ ಭ್ಯುಂದಾರ್ ಕಣಿವೆಯನ್ನು 1931ರಲ್ಲಿ ಪರ್ವತಾರೋಹಿಯಾದ ಫ್ರಾಂಕ್ ಸ್ಮೈತ್ ಅವರು ಕಂಡು, ಹೂಗಳ ಕಣಿವೆಯೆಂದು ಪ್ರಸಿದ್ಧಿಪಡಿಸಿದರು. ಅಲ್ಲಿಗೆ ಗಿಡಗಳ ಸಂಗ್ರಹಕ್ಕಾಗಿ ಬಂದ ಜೋನ್ ಮಾರ್ಗರೆಟ್ ಲೆಗ್ ಎಂಬ ಮಹಿಳೆಯು 1939ರಲ್ಲಿ ಬಂಡೆಯಿಂದ ಜಾರಿ ಮೃತಪಟ್ಟರು. ಅವರ ಸಮಾಧಿಯು ಆ ಹೂಗಳ ನಡುವೆಯೇ ಇದೆ. 1982ರಲ್ಲಿ ಆ ಕಣಿವೆಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು.

6. ಈ ಸೀಮೆಯ ಬೇಸಾಯಕ್ಕೆ ಸಲ್ಲುವುದೇನು

ಹಿಮಗಿರಿಯ ಗಿಡಗಳನ್ನು ಮೈಸೂರು ಸೀಮೆಯ ಬಯಲಿನಲ್ಲಿ ಬೆಳೆಸಬಹುದೆಂದು ಯಾರಾದರೂ ಸಸಿಯನ್ನೋ ಬೀಜವನ್ನೋ ಮಾರಲು ಬಂದರೆ ನಂಬಿ ಹಣವನ್ನು ಕಳೆದುಕೊಳ್ಳಕೂಡದು. ಇಲ್ಲಿಯ ಬೆಚ್ಚನೆಯ ರಾತ್ರಿಯೂ ಮುಂಗಾರಿನ ನೀರೂ ಅವುಗಳಿಗೆ ಆಗದು. ಆದರೆ ಆ ಗಿಡಗಳು ಕಲಿಸಿದ ಪಾಠವು ಇಲ್ಲಿಯೂ ಸಲ್ಲುವುದು.

ಮೊದಲನೆಯದು, ಕೊರಳಿನ ನೀರು. ಕಿತ್ತಳೆ ನಿಂಬೆ ಗಿಡಗಳ ಬುಡದಲ್ಲಿ ಅಂಟು ಒಸರಿ ತೊಗಟೆ ಕೊಳೆಯುವುದು, ಶುಂಠಿಯ ಗೆಡ್ಡೆ ಕೊಳೆಯುವುದು, ಮೆಣಸಿನ ಬಳ್ಳಿಯು ಮಳೆಗಾಲದಲ್ಲಿ ಹಠಾತ್ತಾಗಿ ಸೊರಗುವುದು, ಇವುಗಳೆಲ್ಲ ನಿಂತ ನೀರಿನಲ್ಲಿ ಪ್ರಬಲಿಸುವ ಒಂದೇ ಬಗೆಯ ಸೂಕ್ಷ್ಮ ರೋಗಾಣುಗಳ ಕೆಲಸ. ನೀರು ಕಡಮೆಯಾಯಿತೆಂದು ತಿಳಿದು ಬಾಡಿದ ಗಿಡಕ್ಕೆ ಇನ್ನಷ್ಟು ನೀರೆರೆಯುವವರುಂಟು. ಅದು ಉರಿಯುವ ಬೆಂಕಿಗೆ ತುಪ್ಪವೆರೆದಂತೆ. ಕಿತ್ತಳೆಯ ಕಸಿಯ ಗಂಟು ನೆಲದಿಂದ ಆರೇಳು ಅಂಗುಲವಾದರೂ ಮೇಲಿರಬೇಕು. ಬುಡದಲ್ಲಿ ಚಿಕ್ಕ ದಿಣ್ಣೆಯನ್ನು ಮಾಡಿ, ನೀರಿನ ಪಾತಿಯನ್ನು ಅದರ ಹೊರಗೆ ಉಂಗುರದಂತೆ ತೆಗೆದು, ಬೇರಿಗೆ ನೀರು ಮುಟ್ಟಿ ಕಾಂಡಕ್ಕೆ ಮುಟ್ಟದಂತೆ ಮಾಡತಕ್ಕದ್ದು. ಶುಂಠಿಯನ್ನು ಎತ್ತರದ ಮಡಿಗಳಲ್ಲಿ ಹಾಕಿ ನಡುವೆ ಬಸಿಗಾಲುವೆಯನ್ನು ತೋಡಬೇಕು.

ಎರಡನೆಯದು, ಹೊಲದ ಕಲ್ಲು. ನೇಗಿಲಿಗೆ ಅಡ್ಡವಾಗುವ ಕಲ್ಲನ್ನು ಆರಿಸಿ ತೆಗೆಯುವುದು ಸರಿಯೇ. ಆದರೆ ತೆಗೆದದ್ದನ್ನು ಮೂಲೆಯಲ್ಲಿ ರಾಶಿಹಾಕಿ ಮರೆಯುವುದು ನಷ್ಟ. ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದ ಗೆರೆಯಲ್ಲಿ, ಅರ್ಧ ಹೂತು ಕಲ್ಲಿನ ಬದುವನ್ನು ಹಾಕಿದರೆ ಹರಿಯುವ ನೀರು ನಿಧಾನಿಸಿ ನೆಲದಲ್ಲಿ ಇಂಗುವುದು. ಕೊಚ್ಚಿಹೋಗುವ ಮೆಕ್ಕಲು ಬದುವಿನ ಹಿಂದೆ ನಿಲ್ಲುವುದು. ಸಣ್ಣ ನೊರಜನ್ನೆಲ್ಲ ಬಳಿದು ತೆಗೆಯಬೇಕಾದ ಅವಶ್ಯವಿಲ್ಲ. ಅದು ಮಳೆಯ ಏಟನ್ನು ತಡೆದು ತೇವವನ್ನು ಕಾಯುವುದು. ಮಾವು ಹುಣಿಸೆಗಳ ಎಳೆಯ ಸಸಿಯ ಸುತ್ತ, ಕಾಂಡಕ್ಕೆ ತಗಲದಂತೆ ಚಪ್ಪಟೆ ಕಲ್ಲುಗಳನ್ನು ಹಾಸಿದರೆ ಬೇಸಗೆಯಲ್ಲಿ ಬೇರಿಗೆ ತಂಪು ಉಳಿಯುವುದು.

ಮೂರನೆಯದು, ಊರ ಗುಡ್ಡ. ಔಷಧಿಗಾಗಿ ಬೇರನ್ನು ಅಗೆಯುವವರು ಈ ಸೀಮೆಯ ಗುಡ್ಡಗಳಲ್ಲಿಯೂ ಇದ್ದಾರೆ. ಹೂವು ಬೀಜವಾಗಿ ಉದುರುವವರೆಗೆ ಗುದ್ದಲಿಯನ್ನು ತಡೆಯುವುದೂ, ಬೀಜವನ್ನು ತಂದು ಹಿತ್ತಿಲಿನಲ್ಲಿ ಬಿತ್ತುವಂತೆ ಪ್ರೇರಿಸುವುದೂ ಗ್ರಾಮದ ಯಜಮಾನರ ಕೈಯಲ್ಲಿದೆ. ಹೊರಗಿನಿಂದ ಬಂದ ವ್ಯಾಪಾರಿಗೆ ಗುಡ್ಡವು ಒಂದು ವರ್ಷದ ಸುಗ್ಗಿ. ಊರಿನವರಿಗೆ ಅದು ಮಕ್ಕಳ ಕಾಲದವರೆಗಿನ ಆಸ್ತಿ. ಬರಿದಾದ ಮೇಲೆ ವ್ಯಾಪಾರಿಯು ಬೇರೆ ಗುಡ್ಡವನ್ನು ಹುಡುಕಿಕೊಳ್ಳುವನು. ಊರು ತನ್ನ ಗುಡ್ಡವನ್ನು ಬಿಟ್ಟು ಎಲ್ಲಿಗೂ ಹೋಗಲಾರದು.

ಸಾರಾಂಶ

1. ಹಿಮಗಿರಿಯ ಗಿಡದ ಪ್ರಾಣವು ಬೇರಿನಲ್ಲಿದೆ. ಅದರ ಮುಖ್ಯ ಶತ್ರುವು ಕೊರಳಿನಲ್ಲಿ ನಿಂತ ನೀರು.

2. ಕಲ್ಲುತೋಟದ ಕಲ್ಲು ಅಲಂಕಾರಕ್ಕಲ್ಲ. ಮೇಲೆ ಒಣಗಿಡುವುದಕ್ಕೂ ಕೆಳಗೆ ತಂಪಾಗಿಡುವುದಕ್ಕೂ.

3. ಕಲ್ಲನ್ನು ಮೂರರಲ್ಲೊಂದು ಪಾಲಾದರೂ ಹೂಳಬೇಕು, ಹಿಂದಕ್ಕೆ ವಾಲಿಸಬೇಕು, ಕೆಳಗೆ ಟೊಳ್ಳನ್ನು ಬಿಡಕೂಡದು.

4. ಹಿಮಗಿರಿಯ ಗಿಡಗಳನ್ನು ಈ ಸೀಮೆಯ ಬಯಲಿನಲ್ಲಿ ಬೆಳೆಯಲು ಹಣ ಹಾಕಬಾರದು.

5. ಕಿತ್ತಳೆ, ನಿಂಬೆ, ಶುಂಠಿ, ಮೆಣಸುಗಳ ಬುಡದಲ್ಲಿ ನೀರು ನಿಲ್ಲದಂತೆ ಮಾಡಬೇಕು.

6. ಹೊಲದ ದಪ್ಪ ಕಲ್ಲನ್ನು ಬದುವಿಗೂ ಚಪ್ಪಟೆ ಕಲ್ಲನ್ನು ಸಸಿಯ ತಂಪಿಗೂ ಉಪಯೋಗಿಸಬೇಕು.

7. ಬೇರನ್ನು ಅಗೆಯುವುದಕ್ಕೆ ಮೊದಲು ಬೀಜವನ್ನು ಉಳಿಸಬೇಕು.

ಕಲ್ಲನ್ನು ಶಪಿಸುತ್ತ ಕುಳಿತವನಿಗೆ ಅದು ಹೊಲದ ಹೊರೆ. ಅದನ್ನು ಎಲ್ಲಿ, ಎಷ್ಟು ಆಳಕ್ಕೆ, ಯಾವ ಕಡೆಗೆ ವಾಲಿಸಿ ಇಡಬೇಕೆಂದು ಅರಿತವನಿಗೆ ಅದೇ ಮಳೆಯ ನೀರನ್ನು ಬೇರಿಗೆ ಒಯ್ದು ಮುಟ್ಟಿಸುವ ಆಳು. ಮುಂದಿನ ಮಳೆಯು ಬೀಳುವುದರೊಳಗೆ ಪ್ರತಿಯೊಬ್ಬ ಜಮೀನುದಾರನೂ ತನ್ನ ತೋಟದ ಒಂದು ಗಿಡದ ಬುಡವನ್ನಾದರೂ ಕೆದಕಿ, ನೀರು ಎಲ್ಲಿ ನಿಲ್ಲುವುದೆಂಬುದನ್ನು ಕಣ್ಣಾರೆ ನೋಡತಕ್ಕದ್ದು.